ಪರ್ನಾಸಸ್ಸಿನ ಹಿಮವನ್ನು ಕಂಡವರು

ಕಳೆದ ಜನವರಿಯಲ್ಲಿ ಭೂಗೋಳದ ಪಾಠ ನಡೆದಿದ್ದಾಗ ನನ್ನ ಐದನೆಯ ತರಗತಿಯ ಹುಡುಗನೊಬ್ಬನು ಕೇಳಿದ ಪ್ರಶ್ನೆಯಿಂದ ಈ ಲೇಖನವು ಹುಟ್ಟಿತು. ಗ್ರೀಸ್ ದೇಶದ ಪರ್ನಾಸಸ್ ಪರ್ವತದ ಎತ್ತರ 2457 ಮೀಟರು ಎಂದು ಕರಿಹಲಗೆಯ ಮೇಲೆ ಬರೆದು, ಚಳಿಗಾಲದಲ್ಲಿ ಜನರು ಅಲ್ಲಿಗೆ ಹಿಮದ ಮೇಲೆ ಜಾರುವ ಆಟಕ್ಕಾಗಿ ಹೋಗುತ್ತಾರೆಂದು ಹೇಳಿದೆನು. ಹುಡುಗನು ಎದ್ದು ನಿಂತು, “ಸಾರ್, ನಮ್ಮ ದೊಡ್ಡಬೆಟ್ಟ 2637 ಮೀಟರು ಅಂತ ನೀವೇ ಬರೆಸಿದ್ದೀರಿ. ಅದಕ್ಕಿಂತ 180 ಮೀಟರು ಹೆಚ್ಚೇ ಆಯಿತು. ಮತ್ತೆ ಇಲ್ಲೇಕೆ ಹಿಮ ಬೀಳೋದಿಲ್ಲ?” ಎಂದನು.

ಪ್ರಶ್ನೆ ನ್ಯಾಯವಾದುದು. ದೊಡ್ಡಬೆಟ್ಟವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹನ್ನೊಂದೂವರೆ ಅಂಶದಷ್ಟು ದೂರದಲ್ಲಿದ್ದರೆ, ಪರ್ನಾಸಸ್ ಮೂವತ್ತೆಂಟೂವರೆ ಅಂಶದ ಮೇಲಿದೆ. ಇದು ಒಂದು ಕಾರಣ. ಎರಡನೆಯದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ನಮ್ಮಲ್ಲಿ ಮಳೆಯ ಕಾಲವೇ ಬೇರೆ, ಕಡು ಚಳಿಯ ಕಾಲವೇ ಬೇರೆ. ಜನವರಿಯ ಚಳಿಯು ಒಣ ಚಳಿ. ಮಧ್ಯಧರಣಿ ಸಮುದ್ರದ ಸುತ್ತಲಿನ ನಾಡುಗಳಲ್ಲಾದರೋ ಬೇಸಗೆಯೇ ಒಣಗಾಲ, ಚಳಿಗಾಲವೇ ಮಳೆಗಾಲ. ಚಳಿಯೂ ಮೋಡವೂ ಒಟ್ಟಿಗೆ ಬರುವುದರಿಂದ ತಪ್ಪಲಲ್ಲಿ ಮಳೆಯಾಗಿ ಸುರಿಯುವುದು ಮೇಲೆ ಹಿಮವಾಗಿ ಬೀಳುತ್ತದೆ. ನೀಲಗಿರಿಯ ಮಕ್ಕಳು ಬೆಳಗಿನ ಜಾವದಲ್ಲಿ ಹುಲ್ಲಿನ ಮೇಲೆ ಕಾಣುವ, ಚಹದ ಎಲೆಯನ್ನು ಸುಟ್ಟುಹಾಕುವ ಆ ಬಿಳಿಯ ಪುಡಿಯು ಆಕಾಶದಿಂದ ಬಿದ್ದುದಲ್ಲ. ನೆಲದ ಮೇಲಿನ ತೇವವೇ ಅಲ್ಲಿಯೇ ಹೆಪ್ಪುಗಟ್ಟಿದುದು. ನಾವು ಅದನ್ನೂ ಹಿಮವೆನ್ನುತ್ತೇವೆ, ಇದನ್ನೂ ಹಿಮವೆನ್ನುತ್ತೇವೆ. ಮಂಜೆಂದರೆ ಒಬ್ಬನಿಗೆ ಹೊಗೆಯಂತಹ ಮುಸುಕು, ಇನ್ನೊಬ್ಬನಿಗೆ ಗಡ್ಡೆ. ಕಾಣದ ವಸ್ತುವಿಗೆ ಹೆಸರುಗಳು ಹೀಗೆ ಗೊಂದಲವಾಗುವುದು ಸಹಜ. ಈ ಬರಹದಲ್ಲಿ ಹಿಮವೆಂದರೆ ಮೇಲಿನಿಂದ ಬೀಳುವುದು ಎಂದಿಟ್ಟುಕೊಳ್ಳೋಣ.

ಹುಡುಗನಿಗೆ ಇಷ್ಟನ್ನು ಹೇಳಿ ಕುಳ್ಳಿರಿಸಿದೆನು. ಆದರೆ ಆ ಬೆಟ್ಟವು ನನ್ನನ್ನು ಬಿಡಲಿಲ್ಲ. ಗ್ರೀಸ್ ಎಂದರೆ ಅಮೃತಶಿಲೆ, ಆಲಿವ್ ಮರ, ನೀಲ ಸಮುದ್ರ ಎಂದೇ ನಾವು ಪಾಠ ಹೇಳುತ್ತ ಬಂದಿದ್ದೇವೆ. ಆ ಜನರು ಹಿಮದೊಡನೆ ಹೇಗೆ ಬಾಳಿದರು, ಯಾರು ಯಾವ ಕಾರಣಕ್ಕಾಗಿ ಹಿಮದ ಬೆಟ್ಟಕ್ಕೆ ಹತ್ತಿದರು ಎಂಬುದನ್ನು ಹುಡುಕಹೊರಟಾಗ, ಪರ್ನಾಸಸ್ ಒಂದರಲ್ಲಿಯೇ ಎರಡೂವರೆ ಸಾವಿರ ವರ್ಷಗಳ ಕಥೆ ಸಿಕ್ಕಿತು.

ಮೊದಲು ಹತ್ತಿದವರು ವಿನೋದಕ್ಕಾಗಿ ಹತ್ತಿದವರಲ್ಲ. ಕ್ರಿ. ಪೂ. 480ರಲ್ಲಿ ಪಾರಸಿಕರ ಸೈನ್ಯವು ಗ್ರೀಸಿನೊಳಕ್ಕೆ ನುಗ್ಗಿತು. ಬಿ. ಎಂ. ಶ್ರೀಕಂಠಯ್ಯನವರ ‘ಪಾರಸಿಕರು’ ನಾಟಕವನ್ನು ಓದಿದವರಿಗೆ ಆ ದಂಡಯಾತ್ರೆಯ ಕೊನೆ ಗೊತ್ತಿರುವುದಷ್ಟೆ. ಸೈನ್ಯವು ಪರ್ನಾಸಸ್ಸಿನ ತಪ್ಪಲಿನ ಡೆಲ್ಫಿ ಕ್ಷೇತ್ರದತ್ತ ಬಂದಾಗ ಊರಿನವರು ಹೆಂಡಿರು ಮಕ್ಕಳನ್ನು ಕೊಲ್ಲಿಯಾಚೆಗೆ ದಾಟಿಸಿ, ತಾವು ಸಾಮಾನು ಸರಂಜಾಮುಗಳನ್ನು ಹೊತ್ತು ಬೆಟ್ಟವನ್ನೇರಿ ಕೊರಿಕಿಯನ್ ಎಂಬ ದೊಡ್ಡ ಗವಿಯಲ್ಲಿ ಬಚ್ಚಿಟ್ಟರೆಂದು ಹೆರೊಡೋಟಸ್ ಬರೆದಿದ್ದಾನೆ. ಬೆಟ್ಟದಿಂದ ಎರಡು ಬಂಡೆಗಳು ಕಳಚಿ ಶತ್ರುಗಳ ಮೇಲೆ ಉರುಳಿದುವೆಂದೂ, ಆ ಬಂಡೆಗಳು ತನ್ನ ಕಾಲದವರೆಗೂ ಅಥೀನ ದೇವಿಯ ಗುಡಿಯ ಆವರಣದಲ್ಲಿ ಬಿದ್ದಿದ್ದುವೆಂದೂ ಆತನು ಹೇಳುತ್ತಾನೆ. ಎರಡು ಶತಮಾನಗಳ ತರುವಾಯ, ಕ್ರಿ. ಪೂ. 279ರಲ್ಲಿ, ಬ್ರೆನ್ನಸ್ ಎಂಬವನ ಗಾಲ್ ದಂಡು ಇದೇ ಕ್ಷೇತ್ರವನ್ನು ಸುಲಿಯಲು ಬಂದಾಗ ಬಂಡೆಗಳ ಜೊತೆಗೆ ಹಿಮವೂ ಕಡು ಚಳಿಯೂ ಅವರನ್ನು ಹಣ್ಣುಮಾಡಿದುವೆಂಬ ವರ್ಣನೆಯುಂಟು. ಭಕ್ತರು ಇದನ್ನು ಅಪೊಲೊ ದೇವನ ಕೃಪೆಯೆಂದರು. ಬೆಟ್ಟದ ಚಳಿಗಾಲವನ್ನು ಅರಿತವರಿಗೆ ದೇವರ ಸಹಾಯವಿಲ್ಲದೆಯೂ ಇದು ಅರ್ಥವಾಗುವ ಮಾತು.

ಹಾಗಾದರೆ ಹಿಮದ ಕಾಲವೆಂದು ತಿಳಿದೂ ತಾವಾಗಿಯೇ, ಶತ್ರುಭಯವಿಲ್ಲದೆ, ಆ ಬೆಟ್ಟಕ್ಕೆ ಹೋದವರಲ್ಲಿ ಮೊದಲಿಗರು ಯಾರು? ಉತ್ತರವು ನನಗೆ ಆಶ್ಚರ್ಯವನ್ನುಂಟುಮಾಡಿತು. ಅವರು ಹೆಂಗಸರು.

ಡೆಲ್ಫಿಯು ಅಪೊಲೊ ದೇವನ ಕ್ಷೇತ್ರವೆಂದು ಎಲ್ಲರೂ ಬಲ್ಲರು. ಆದರೆ ಚಳಿಗಾಲದ ಮೂರು ತಿಂಗಳು ಅಲ್ಲಿ ಅಪೊಲೊವಿನ ಸ್ತೋತ್ರಗಳು ನಿಂತು, ಡಯೊನೈಸಸ್ ದೇವನ ಹಾಡುಗಳು ಮೊಳಗುತ್ತಿದ್ದುವು. ಆ ದೇವನ ವ್ರತ ಹಿಡಿದ ಸ್ತ್ರೀಯರಿಗೆ ಥೈಯಡರೆಂದು ಹೆಸರು. ವರ್ಷ ಬಿಟ್ಟು ವರ್ಷ ಅಥೆನ್ಸಿನಿಂದಲೂ ಈ ಸ್ತ್ರೀಯರ ತಂಡವೊಂದು ಹೊರಟು, ದಾರಿಯ ಊರುಗಳಲ್ಲಿ ನಿಂತು ಕುಣಿಯುತ್ತ, ಡೆಲ್ಫಿಯ ಸ್ತ್ರೀಯರನ್ನು ಕೂಡಿಕೊಂಡು ಬೆಟ್ಟದ ಮೇಲೆ ರಾತ್ರಿಯ ಪೂಜೆಯನ್ನು ನಡೆಯಿಸುತ್ತಿತ್ತು. ಅಥೆನ್ಸಿನಿಂದ ಇಲ್ಲಿಗೆ ಇಂದಿನ ರಸ್ತೆಯಲ್ಲಿ ಸುಮಾರು 180 ಕಿಲೋಮೀಟರು. ಮನೆಯ ಹೊಸಿಲನ್ನು ದಾಟುವುದೇ ಅಪರೂಪವಾಗಿದ್ದ ಅಥೆನ್ಸಿನ ಗೃಹಿಣಿಗೆ ಈ ಯಾತ್ರೆಯು ಏನಾಗಿದ್ದಿತೆಂಬುದನ್ನು ಊಹಿಸಬಹುದು. ಅವಳೇ ಬರೆದಿಟ್ಟ ಒಂದು ಸಾಲೂ ನಮಗೆ ಉಳಿದುಬಂದಿಲ್ಲ. ಉಳಿದುದು ಗಂಡಸರ ಬರವಣಿಗೆ. ಅದರಲ್ಲಿಯೂ ಹೆಚ್ಚಿನದು ಪ್ಲುಟಾರ್ಕನದು.

ಪ್ಲುಟಾರ್ಕನು ಕ್ರಿಸ್ತಶಕದ ಮೊದಲನೆಯ ಶತಮಾನದ ನಡುವಿನಲ್ಲಿ ಪರ್ನಾಸಸ್ಸಿಗೆ ಸಮೀಪದ ಖೈರೋನಿಯದಲ್ಲಿ ಹುಟ್ಟಿ, ಡೆಲ್ಫಿಯಲ್ಲಿ ಅಪೊಲೊವಿನ ಅರ್ಚಕನಾಗಿದ್ದವನು. ಚಳಿಯ ತತ್ತ್ವವನ್ನು ಕುರಿತ ಆತನ ಒಂದು ಪ್ರಬಂಧದಲ್ಲಿ, ವಾದಕ್ಕೆ ಉದಾಹರಣೆಯಾಗಿ, ಒಂದು ಸಂಗತಿ ಬರುತ್ತದೆ. ಥೈಯಡರು ಪರ್ನಾಸಸ್ಸಿನ ಮೇಲೆ ಬಿರುಗಾಳಿಗೂ ಹಿಮಕ್ಕೂ ಸಿಕ್ಕಿಕೊಂಡರು. ಅವರಿಗೆ ನೆರವಾಗಲು ಕೆಳಗಿನಿಂದ ಕೆಲವರು ಹತ್ತಿಹೋದರು. ಹೋದವರ ಮೇಲುಹೊದಿಕೆಗಳು ಚಳಿಗೆ ಮರದ ಹಲಗೆಯಂತೆ ಸೆಡೆತು, ಬಿಡಿಸಹೋದರೆ ಮುರಿದು ಚೂರಾದುವಂತೆ. ಇಷ್ಟೇ. ಸ್ತ್ರೀಯರು ಬದುಕಿ ಬಂದರೇ ಎಂಬುದನ್ನು ಆತನು ಹೇಳುವುದಿಲ್ಲ. ಆತನಿಗೆ ಬೇಕಾಗಿದ್ದುದು ಬಟ್ಟೆ ಗಟ್ಟಿಯಾದ ವಿಷಯ ಮಾತ್ರ. ಹತ್ತಿಹೋದವರ ಹೆಸರುಗಳೂ ಇಲ್ಲ. ತತ್ತ್ವಜ್ಞಾನಿಯ ಮೇಲೆ ನನಗೆ ಸ್ವಲ್ಪ ಸಿಟ್ಟು ಬಂದುದುಂಟು. ಆದರೂ, ಹಿಮದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಲು ಜನರು ಪರ್ವತವನ್ನೇರಿದರೆಂಬ ಈ ಹಳೆಯ ವರದಿಯನ್ನು ನಮಗಾಗಿ ಉಳಿಸಿಕೊಟ್ಟವನೂ ಅವನೇ ಅಲ್ಲವೇ?

ಅದೇ ಪ್ಲುಟಾರ್ಕನು ಸ್ತ್ರೀಯರ ಸದ್ಗುಣಗಳನ್ನು ಕುರಿತು ಬರೆಯುವಾಗ ಮತ್ತೊಂದು ಪ್ರಸಂಗವನ್ನು ಹೇಳುತ್ತಾನೆ. ಅದು ಕ್ರಿ. ಪೂ. ನಾಲ್ಕನೆಯ ಶತಮಾನದ ನಡುವಿನ ಯುದ್ಧಕಾಲ. ಡೆಲ್ಫಿಯು ಒಂದು ಪಕ್ಷದ ಕೈಯಲ್ಲಿದ್ದಿತು. ನೆರೆಯ ಅಂಫಿಸ್ಸ ಪಟ್ಟಣವು ಆ ಪಕ್ಷದ ಮಿತ್ರನಾಗಿ ಸೈನಿಕರಿಂದ ತುಂಬಿದ್ದಿತು. ರಾತ್ರಿಯೆಲ್ಲ ಆವೇಶದಲ್ಲಿ ಅಲೆದ ಥೈಯಡರು ದಾರಿ ತಪ್ಪಿ, ತಾವೆಲ್ಲಿರುವೆವೆಂಬುದನ್ನೂ ತಿಳಿಯದೆ ಅಂಫಿಸ್ಸದ ಸಂತೆಯ ಬಯಲಿಗೆ ಬಂದು, ದಣಿದು, ಅಲ್ಲಲ್ಲೇ ಬಿದ್ದು ನಿದ್ದೆಹೋದರು. ಸೈನಿಕರು ಇವರನ್ನು ಕೆಣಕಿಯಾರೆಂದು ಅಂಜಿದ ಆ ಊರಿನ ಹೆಂಗಸರು ಓಡಿಬಂದರು. ಮಲಗಿದವರ ಸುತ್ತಲೂ ವೃತ್ತವಾಗಿ, ಒಂದೂ ಮಾತಿಲ್ಲದೆ, ನಿಂತರು. ಎಬ್ಬಿಸಲಿಲ್ಲ. ಅವರು ತಾವಾಗಿ ಎದ್ದ ಮೇಲೆ ಒಬ್ಬೊಬ್ಬರು ಒಬ್ಬೊಬ್ಬರನ್ನು ಉಪಚರಿಸಿ ಊಟ ಕೊಟ್ಟು, ಕೊನೆಗೆ ಗಂಡಂದಿರ ಒಪ್ಪಿಗೆ ಪಡೆದು ಗಡಿಯವರೆಗೆ ಕಳುಹಿಸಿಬಂದರು. ಈ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದ ದಿನ ಯಾವಾಗಲೂ ಗದ್ದಲ ಮಾಡುವ ಹಿಂದಿನ ಸಾಲು ಕೂಡ ಸುಮ್ಮನಿತ್ತು.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಪೌಸಾನಿಯಸ್ ಬಂದನು. ಇವನನ್ನು ಇಂದಿನ ಪ್ರವಾಸಿಗರ ಹಿರಿಯಣ್ಣನೆನ್ನಬಹುದು. ಎಲ್ಲಿ ಏನಿದೆ, ದಾರಿ ಹೇಗಿದೆ, ಯಾವ ವಿಗ್ರಹವನ್ನು ಯಾರು ಕೊಟ್ಟರು ಎಂದು ಲೆಕ್ಕ ಬರೆಯುವುದೇ ಇವನ ಕೆಲಸ. ಕೊರಿಕಿಯನ್ ಗವಿಯ ದಾರಿಯು ಕುದುರೆ ಹೇಸರಗತ್ತೆಗಳಿಗಿಂತ ಚುರುಕಾದ ಕಾಲಾಳಿಗೆ ಸುಲಭವೆಂದೂ, ಗವಿಯಿಂದ ಶಿಖರವನ್ನು ಮುಟ್ಟುವುದು ಅಂಥವನಿಗೂ ಕಷ್ಟವೆಂದೂ, ಶಿಖರಗಳು ಮೋಡಗಳಿಗಿಂತ ಮೇಲಿರುವುವೆಂದೂ, ಥೈಯಡರು ಆವೇಶದಿಂದ ಕುಣಿಯುವುದು ಅಲ್ಲಿಯೇ ಎಂದೂ ಆತನು ಹೇಳುತ್ತಾನೆ. 1970–71ರಲ್ಲಿ ಫ್ರೆಂಚ್ ವಿದ್ವಾಂಸರು ಆ ಗವಿಯನ್ನು ಅಗೆದಾಗ ಪ್ರಾಣಿಗಳ ಗಿಣ್ಣಿನ ಮೂಳೆಗಳು, ಎಂದರೆ ಅಂದಿನ ದಾಳಗಳು, 20 ಸಾವಿರಕ್ಕೂ ಹೆಚ್ಚಾಗಿ ಸಿಕ್ಕಿದುವು. ಒಂದೊಂದೂ ಹತ್ತಿಬಂದವನೊಬ್ಬನು ಅಲ್ಲಿಯ ವನದೇವತೆಯರಿಗೆ ಬಿಟ್ಟುಹೋದ ಕಾಣಿಕೆ. ಬರೆದಿಟ್ಟವನು ಒಬ್ಬನೇ ಪೌಸಾನಿಯಸ್. ಬರೆಯದೆ ಹೋದವರು ಎಷ್ಟು ಜನ ಎಂಬುದಕ್ಕೆ ಆ ಮೂಳೆಗಳ ರಾಶಿಯೇ ಸಾಕ್ಷಿ.

ಮುಂದಿನ ಶತಮಾನಗಳನ್ನು ಬೇಗ ದಾಟೋಣ. ಯೂರೋಪಿನ ಕವಿಗಳಿಗೆ ಪರ್ನಾಸಸ್ ಕಲಾದೇವಿಯರ ನಿವಾಸವಾಯಿತು. ಅದನ್ನು ಹಾಡಿದವರಲ್ಲಿ ಬಹುಮಂದಿ ನೋಡಿದವರಲ್ಲ. 1809ರ ಡಿಸೆಂಬರಿನಲ್ಲಿ ಬಂದ ಬೈರನ್ ಕವಿಯು ಕಣ್ಣಾರೆ ಕಂಡವನು. ಅಂದು ಹನ್ನೆರಡು ಹದ್ದುಗಳ ಗುಂಪನ್ನು ಕಂಡು ಶುಭಶಕುನವೆಂದು ಹಿಗ್ಗಿದೆನೆಂದು ಆತನು ಬರೆದುಕೊಂಡಿದ್ದಾನೆ. ಜೊತೆಯಲ್ಲಿದ್ದ ಗೆಳೆಯ ಹಾಬ್‌ಹೌಸನ ಮಾತಿನಲ್ಲಿ ಅವು ರಣಹದ್ದುಗಳು! ಒಂದೇ ಬೆಟ್ಟ, ಒಂದೇ ಹಕ್ಕಿ. ನೋಡುವ ಕಣ್ಣುಗಳು ಎರಡು.

ಹದಿನೇಳು ವರ್ಷಗಳ ಮೇಲೆ ಅದೇ ಇಳಿಜಾರು ರಣಭೂಮಿಯಾಯಿತು. ತುರ್ಕರ ಆಳ್ವಿಕೆಯ ವಿರುದ್ಧ ಗ್ರೀಕರು ದಂಗೆಯೆದ್ದ ಕಾಲ. 1826ರ ನವೆಂಬರಿನಲ್ಲಿ ಮುಸ್ತಫಾ ಬೇ ಎಂಬವನ ದಂಡನ್ನು ಕರೈಸ್ಕಾಕಿಸ್ ಎಂಬ ನಾಯಕನು ಪರ್ನಾಸಸ್ಸಿನ ದಕ್ಷಿಣದ ಮಗ್ಗುಲಿನ ಅರಾಖೋವಾ ಹಳ್ಳಿಯಲ್ಲಿ ಸುತ್ತುಗಟ್ಟಿದನು. ಅನ್ನವಿಲ್ಲದೆ, ಹಿಮದ ಬಿರುಗಾಳಿಯಲ್ಲಿ, ಆ ಸೈನಿಕರು ಕಡೆಗೆ ಬೆಟ್ಟದ ಕಡೆಗೆ ದಾರಿ ಬಿಡಿಸಿಕೊಂಡು ಹೊರಟರು. ಕತ್ತಿಗೆ ಸಿಕ್ಕದವರನ್ನು ಹಿಮವು ನುಂಗಿತು, ಪಾರಾದವರು ಕೆಲವರೇ. ಗ್ರೀಕರಿಗೆ ಅದು ವಿಜಯದ ದಿನ. ಆದರೆ ಎಲ್ಲಿಂದಲೋ ಸಂಬಳಕ್ಕಾಗಿ ಬಂದು ಪರದೇಶದ ಹಿಮದಲ್ಲಿ ಕೈಕಾಲು ಸೆಟೆದು ಸತ್ತ ಆ ಸಿಪಾಯಿಗಳನ್ನು ನೆನೆದಾಗ ವಿಜಯವೆಂಬ ಮಾತು ಗಂಟಲಿನಲ್ಲಿ ನಿಲ್ಲುತ್ತದೆ.

ಹಿಮವು ಆಟದ ವಸ್ತುವಾದುದು ಇದೆಲ್ಲದರ ಬಳಿಕ. ಕಾಲಿಗೆ ಎರಡು ಉದ್ದನೆಯ ಹಲಗೆಗಳನ್ನು ಬಿಗಿದು, ಕೈಯಲ್ಲಿ ಎರಡು ಕೋಲುಗಳನ್ನು ಹಿಡಿದು ಇಳಿಜಾರಿನಲ್ಲಿ ಜಾರುವ ಸ್ಕೀ ಎಂಬುದು ಗ್ರೀಕರದಲ್ಲ. ಉತ್ತರ ಯೂರೋಪಿನ ಹಿಮದ ನಾಡುಗಳಲ್ಲಿ ಬೇಟೆಗೂ ಪ್ರಯಾಣಕ್ಕೂ ಹುಟ್ಟಿಕೊಂಡ ಸಾಧನ. ಹಲಗೆಯು ಉದ್ದವಾಗಿರುವುದರಿಂದ ದೇಹದ ಭಾರವು ಹಂಚಿಹೋಗಿ ಕಾಲು ಹೂತುಹೋಗುವುದಿಲ್ಲ ಎಂಬುದೇ ಅದರ ಗುಟ್ಟು. ಒಲಿಂಪಿಕ್ ಕ್ರೀಡೆಗಳ ತವರಾದ ಗ್ರೀಸ್ ದೇಶವು ಚಳಿಗಾಲದ ಒಲಿಂಪಿಕ್ಕಿಗೆ ಮೊದಲ ಬಾರಿಗೆ ಹೋದುದು 1936ರಲ್ಲಿ, ಜರ್ಮನಿಗೆ. ಕಳುಹಿಸಿದ್ದುದು ದಿಮಿತ್ರಿಯೊಸ್ ನೆಗ್ರೆಪೊಂಟಿಸ್ ಎಂಬ ಒಬ್ಬನೇ ಸ್ಕೀಗಾರನನ್ನು. 1938ರಲ್ಲಿ ಪರ್ನಾಸಸ್ ರಾಷ್ಟ್ರೀಯ ಉದ್ಯಾನವಾಯಿತು. 1976ರಲ್ಲಿ ಗ್ರೀಕ್ ಪ್ರವಾಸೋದ್ಯಮ ಸಂಸ್ಥೆಯು ಸ್ಕೀ ಕೇಂದ್ರವನ್ನು ತೆರೆಯಿತು. ಇಂದು ಅದು ಕೆಲ್ಲಾರಿಯ ಮತ್ತು ಫ್ಟೆರೊಲಾಕ ಎಂಬ ಎರಡು ಮಗ್ಗುಲುಗಳಲ್ಲಿ, ಸುಮಾರು 1600 ಮೀಟರಿನಿಂದ 2200 ಮೀಟರಿನವರೆಗಿನ ಎತ್ತರದಲ್ಲಿ, ಹರಡಿದೆ. ತಂತಿಯ ಮೇಲೆ ತೂಗಿಕೊಂಡು ಹೋಗುವ ಕುರ್ಚಿಗಳು ಜನರನ್ನು ಮೇಲಕ್ಕೆ ಒಯ್ಯುತ್ತವೆ. ಹತ್ತುವ ಕಷ್ಟವು ಯಂತ್ರದ್ದು, ಇಳಿಯುವ ಸುಖವು ಮನುಷ್ಯನದು.

ಇಂದು ಅಥೆನ್ಸಿನ ಕುಟುಂಬವು ಶನಿವಾರ ಬೆಳಗ್ಗೆ ಕಾರಿನಲ್ಲಿ ಹೊರಟರೆ ಮೂರು ತಾಸಿನೊಳಗೆ ಇಲ್ಲಿರುತ್ತದೆ. ಹಿಮ ಬಿದ್ದ ದಿನ ಮೇಲಿನ ರಸ್ತೆಯಲ್ಲಿ ಚಕ್ರಗಳಿಗೆ ಸರಪಣಿ ಸುತ್ತಬೇಕು. ಹಲಗೆ ಬೂಟುಗಳು ಬಾಡಿಗೆಗೆ ದೊರೆಯುತ್ತವೆ. ಮೊದಲ ದಿನ ಬೀಳುವುದನ್ನು ಕಲಿಯುವುದೇ ಪಾಠ, ಜಾರುವುದು ಆಮೇಲೆ. ಬಿಳಿಯ ನೆಲದಿಂದ ಮರಳಿ ಚಿಮ್ಮುವ ಬಿಸಿಲಿಗೆ ಕಪ್ಪು ಕನ್ನಡಕವಿಲ್ಲದಿದ್ದರೆ ಕಣ್ಣು ಉರಿಯುತ್ತದೆ. ಈ ಉರಿಗೆ ಕಣ್ಣ ಮುಂದೆ ಏನಾದರೂ ಕರಿಯದನ್ನು ಹಿಡಿದು ನಡೆಯಬೇಕೆಂದು ಕ್ಸೆನೊಫೋನನು ಕ್ರಿ. ಪೂ. 400ರ ಸುಮಾರಿಗೆ ಅರ್ಮೇನಿಯದ ಹಿಮದಲ್ಲಿಯೇ ಕಂಡುಕೊಂಡಿದ್ದನು. ಆಕಾಶ ತಿಳಿಯಾದ ದಿನ ಮೇಲಿನಿಂದ ಕೊರಿಂತ್ ಕೊಲ್ಲಿಯ ನೀಲಿ ಕಾಣುತ್ತದೆ. ಆದರೆ ಗಾಳಿ ಜೋರಾದರೆ ಕುರ್ಚಿಗಳು ನಿಲ್ಲುತ್ತವೆ, ದೂರದಿಂದ ಬಂದವರು ಸಪ್ಪೆ ಮೋರೆ ಹಾಕಿಕೊಂಡು ಅರಾಖೋವಾದ ಬೀದಿಗಳಿಗೆ ಇಳಿಯುತ್ತಾರೆ. ಥೈಯಡರನ್ನು ತಡೆದ ಗಾಳಿಯು ಟಿಕೆಟ್ಟು ಕೊಂಡವರನ್ನೂ ತಡೆಯುತ್ತದೆ. ಈಚಿನ ಕೆಲವು ಚಳಿಗಾಲಗಳಲ್ಲಿ ಹಿಮವೇ ತಡವಾಗಿ, ಕಡಮೆಯಾಗಿ ಬೀಳುತ್ತಿರುವುದು ಬೇರೊಂದು ಚಿಂತೆ.

ಅರಾಖೋವಾ ಸುಮಾರು 950 ಮೀಟರು ಎತ್ತರದಲ್ಲಿರುವ ಕುರುಬರ, ನೇಕಾರರ ಊರು. ಅಲ್ಲಿಯ ಉಣ್ಣೆಯ ಕಂಬಳಿಗಳೂ ‘ಫೊರ್ಮಾಯೆಲ’ ಎಂಬ ಗಿಣ್ಣೂ ಹೆಸರಾದುವು. ಈಗ ವಾರಾಂತ್ಯಗಳಲ್ಲಿ ಅದು ಶ್ರೀಮಂತರ ಚಳಿಗಾಲದ ಬೀಡು. ತಂಗುಮನೆಗಳೂ ಕಾಫಿ ಅಂಗಡಿಗಳೂ ತುಂಬಿ ತುಳುಕುತ್ತವೆ. ಅದರಿಂದ ಊರಿಗೆ ಅನ್ನವಾಯಿತು. ಬೆಟ್ಟ ಕಾಯುವ ಮಕ್ಕಳು ಕಡಮೆಯಾದರು. ಲಾಭವೆಷ್ಟು ನಷ್ಟವೆಷ್ಟು ಎಂದು ತೂಗಲು ಹೊರಗಿನವನಾದ ನಾನು ಯಾರು? ಪ್ರವಾಸಿಗರ ಬೆಟ್ಟದಲ್ಲಿಯೇ ಬದುಕುವ ನಾನು ಇಷ್ಟನ್ನು ಮಾತ್ರ ಬಲ್ಲೆನು: ನೋಡಿಹೋದವರು ಬರೆದುದೇ ಚರಿತ್ರೆಯಾಗುತ್ತದೆ, ಇದ್ದವರು ಹಿನ್ನೆಲೆಯಾಗುತ್ತಾರೆ. ಪ್ಲುಟಾರ್ಕನ ಆ ಹೆಸರಿಲ್ಲದ ಜನರು ಇಂತಹದೇ ಊರುಗಳಿಂದ ಹತ್ತಿಹೋದವರಿರಬೇಕು.

ಅರಾಖೋವಾದವರು ತಮ್ಮ ಬೆಟ್ಟವನ್ನು ತಮ್ಮ ರೀತಿಯಲ್ಲಿ ಆಚರಿಸುವ ದಿನವೂ ಒಂದುಂಟು. ವಸಂತದಲ್ಲಿ, ಹಿಮ ಕರಗತೊಡಗಿ ಸ್ಕೀಯವರೆಲ್ಲ ಹೊರಟುಹೋಗುವ ಹೊತ್ತಿಗೆ, ಸಂತ ಜಾರ್ಜನ ಜಾತ್ರೆ ಬರುತ್ತದೆ. ಅಂದು ಊರಿನ ಮುದುಕರು ಹಳೆಯ ಕಾಲದ ಉಡುಪನ್ನು ತೊಟ್ಟು ಗುಡಿಯ ಬಳಿಯಿಂದ ಏರುದಾರಿಯಲ್ಲಿ ಓಟದ ಪಂದ್ಯ ಕಟ್ಟುತ್ತಾರೆ. ಕುರ್ಚಿಯೂ ಇಲ್ಲ, ತಂತಿಯೂ ಇಲ್ಲ, ಓಟವು ಮೇಲಕ್ಕೆ.