ನಲವತ್ತೊಂದು ಗುಂಡು: ಅಮದು ಡಿಯಾಲೊ ಸತ್ತ ಮೇಲೆ ನ್ಯೂಯಾರ್ಕಿನಲ್ಲಿ ನಡೆದದ್ದು

ನಮ್ಮ ಊರ ಕಡೆ ‘ಗೋಲಿಬಾರ್’ ಎಂದರೆ ಕಣ್ಣ ಮುಂದೆ ಬರುವ ಚಿತ್ರ ಎಲ್ಲರಿಗೂ ಗೊತ್ತಿದ್ದದ್ದೇ. ಬೀದಿ ತುಂಬ ಜನ, ಕಲ್ಲು ತೂರಾಟ, ಲಾಠಿ, ಅಶ್ರುವಾಯು, ಕೊನೆಗೆ ಗುಂಡು; ಮರುದಿನ ಬಂದ್, ವಿಧಾನಸಭೆಯಲ್ಲಿ ಗದ್ದಲ, ನ್ಯಾಯಾಂಗ ತನಿಖೆಯ ಘೋಷಣೆ. ಅಮೆರಿಕದ ಪತ್ರಿಕೆಗಳಲ್ಲಿ ನಾವು ಓದುವ ಪೊಲೀಸ್ ಗುಂಡಿನ ಸಾವುಗಳು ಬಹುಮಟ್ಟಿಗೆ ಈ ಬಗೆಯವಲ್ಲ. ಒಬ್ಬ ಮನುಷ್ಯ, ಒಂದು ಕಾರು ಇಲ್ಲವೇ ಒಂದು ಬಾಗಿಲು, ಕೆಲವೇ ಸೆಕೆಂಡು. ಜನ ಸೇರುವುದು ಆಮೇಲೆ. ಆ ‘ಆಮೇಲೆ’ಯ ಚರಿತ್ರೆಯನ್ನು ಒಂದು ಪ್ರಕರಣದ ಮೂಲಕ ನಮ್ಮ ಕೂಟದ ಬಂಧುಗಳ ಮುಂದಿಡಬೇಕೆಂದು ಈ ಲೇಖನ. 2014ರ ಫರ್ಗುಸನ್, 2020ರ ಮಿನಿಯಾಪೊಲಿಸ್ ನಮ್ಮ ಮಕ್ಕಳಿಗೆ ಗೊತ್ತು. ನಾನು ಆರಿಸಿಕೊಂಡಿರುವುದು ಅವಕ್ಕಿಂತ ಹಿಂದಿನದು. ಸತ್ತವನು ನಮ್ಮ ಹಾಗೆಯೇ ಹೊರದೇಶದಿಂದ ಹೊಟ್ಟೆಪಾಡಿಗೆ ಬಂದವನು ಎಂಬುದು ಅದಕ್ಕೆ ಒಂದು ಕಾರಣ.

1999ರ ಫೆಬ್ರವರಿ 4. ಮಧ್ಯರಾತ್ರಿ ಕಳೆದು ಮುಕ್ಕಾಲು ಗಂಟೆಯ ಹೊತ್ತು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ವೀಲರ್ ಅವೆನ್ಯೂ. ಅಮದು ಡಿಯಾಲೊ ಎಂಬ 23 ವರ್ಷದ ತರುಣ ತಾನು ವಾಸವಾಗಿದ್ದ ಕಟ್ಟಡದ ಬಾಗಿಲಲ್ಲಿ ನಿಂತಿದ್ದ. ಪಶ್ಚಿಮ ಆಫ್ರಿಕಾದ ಗಿನಿ ದೇಶದ ವ್ಯಾಪಾರಿ ಮನೆತನದವನು. ಬಂದು ಸುಮಾರು ಎರಡೂವರೆ ವರ್ಷವಾಗಿತ್ತು. ಮ್ಯಾನ್‌ಹಟನ್ನಿನ 14ನೇ ಬೀದಿಯಲ್ಲಿ ಕಾಲುಚೀಲ, ಕೈಗವಸು, ವಿಡಿಯೋ ಕ್ಯಾಸೆಟ್ ಮಾರುತ್ತಾ ಕಾಲೇಜಿಗೆಂದು ಹಣ ಕೂಡಿಡುತ್ತಿದ್ದ. ಅತ್ಯಾಚಾರಿಯೊಬ್ಬನನ್ನು ಹುಡುಕುತ್ತಿದ್ದ ‘ಸ್ಟ್ರೀಟ್ ಕ್ರೈಮ್ ಯೂನಿಟ್’ನ ನಾಲ್ವರು ಮಫ್ತಿ ಪೊಲೀಸರು ಕಾರು ನಿಲ್ಲಿಸಿ ಅವನತ್ತ ಬಂದರು. ತಾವು ಪೊಲೀಸರೆಂದು ಹೇಳಿದೆವು, ಅವನು ಜೇಬಿಗೆ ಕೈಹಾಕಿ ಕಪ್ಪಗಿನ ವಸ್ತುವೊಂದನ್ನು ತೆಗೆದ, ಪಿಸ್ತೂಲೆಂದುಕೊಂಡೆವು ಎಂಬುದು ಅವರ ಹೇಳಿಕೆ. ಅದು ಪರ್ಸಾಗಿತ್ತು. ಒಬ್ಬ ಅಧಿಕಾರಿ ಮೆಟ್ಟಿಲ ಮೇಲಿಂದ ಹಿಂದಕ್ಕೆ ಬಿದ್ದಾಗ ಅವನಿಗೇ ಗುಂಡು ತಗಲಿತೆಂದು ಉಳಿದವರು ಭಾವಿಸಿದರಂತೆ. ಹಾರಿದ್ದು 41 ಗುಂಡು, ತಗಲಿದ್ದು 19.

ಈ 41 ಎಂಬ ಸಂಖ್ಯೆ ಎಲ್ಲಿಂದ ಬಂತು? ನ್ಯೂಯಾರ್ಕ್ ಪೊಲೀಸರ ಕೈಯಲ್ಲಿ ಬಹುಕಾಲ ಇದ್ದದ್ದು ಆರು ಗುಂಡಿನ ರಿವಾಲ್ವರ್. 1993ರಲ್ಲಿ ಅವರಿಗೆ 16 ಗುಂಡು ಹಿಡಿಸುವ ಅರೆ-ಸ್ವಯಂಚಾಲಿತ ಪಿಸ್ತೂಲಿಗೆ ಅನುಮತಿ ದೊರೆಯಿತು. ನಾಲ್ವರಲ್ಲಿ ಇಬ್ಬರು ತಮ್ಮ ಹದಿನಾರನ್ನೂ ಖಾಲಿ ಮಾಡಿದ್ದರು. ಹಳೆಯ ರಿವಾಲ್ವರಾಗಿದ್ದರೆ ನಾಲ್ವರೂ ಸೇರಿ 24 ದಾಟುತ್ತಿರಲಿಲ್ಲ. ಅವನು ಬದುಕುತ್ತಿದ್ದನೇ? ವೈದ್ಯನಾಗಿ ಹೇಳುವುದಾದರೆ ಅನುಮಾನವೇ. ಆದರೆ ಜನರ ಮನಸ್ಸಿನಲ್ಲಿ ನಾಟಿದ್ದು ಆ ಸಂಖ್ಯೆಯೇ. ಒಂದು, ಎರಡು ಗುಂಡಾಗಿದ್ದರೆ ‘ಗಾಬರಿಯಲ್ಲಿ ಆದ ತಪ್ಪು’ ಎಂಬ ಮಾತು ನಿಲ್ಲುತ್ತಿತ್ತು. 41ಕ್ಕೆ ಆ ಮಾತು ಸಾಲಲಿಲ್ಲ. ಮಹಾಧಮನಿಗೂ ಬೆನ್ನುಹುರಿಗೂ ಏಟು ಬಿದ್ದವನು ಎಷ್ಟು ಹೊತ್ತು ನಿಂತಿರಬಲ್ಲ, ಕುಸಿದ ಮೇಲೂ ಗುಂಡು ಹಾರಿತೇ ಎಂಬುದರ ಮೇಲೆ ಕೋರ್ಟಿನಲ್ಲಿ ಶವಪರೀಕ್ಷೆಯನ್ನು ಮುಂದಿಟ್ಟುಕೊಂಡು ದೊಡ್ಡ ವಾದವೇ ನಡೆಯಿತು.

ಆಗ ನಾನು ಬ್ರಾಂಕ್ಸಿನ ಒಂದು ಆಸ್ಪತ್ರೆಯಲ್ಲಿ ರೆಸಿಡೆಂಟ್. ವಾರ್ಡಿನಲ್ಲಿ ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಘಾನಾದ ನರ್ಸುಗಳು, ಜಮೈಕಾದ ಆರ್ಡರ್ಲಿಗಳು, ಪೋರ್ಟೊರಿಕೊದ ಗುಮಾಸ್ತರು, ಎಲ್ಲರ ಮಾತೂ ಒಂದೇ: ಪೊಲೀಸ್ ನಿಲ್ಲಿಸಿದಾಗ ಜೇಬಿಗೆ ಕೈ ಹಾಕಬೇಕೇ, ಬೇಡವೇ? ನನ್ನ ಜೊತೆಗಿದ್ದ ನೈಜೀರಿಯಾದ ವೈದ್ಯರು ನೈಟ್ ಡ್ಯೂಟಿ ಮುಗಿಸಿ ಹೊರಡುವಾಗ ಆಸ್ಪತ್ರೆಯ ಗುರುತಿನ ಚೀಟಿಯನ್ನು ಕೋಟಿನ ಹೊರಗೆ ಕಾಣುವಂತೆ ಸಿಕ್ಕಿಸಿಕೊಳ್ಳತೊಡಗಿದರು.

ಮಗನ ಶವ ಒಯ್ಯಲು ಬಂದ ತಾಯಿ ಕದಿಯಾಟು ಡಿಯಾಲೊ ಆ ಬಾಗಿಲಿಗೆ ಹೋದಾಗ ಅಲ್ಲಿ ದೊಡ್ಡ ಗುಂಪು ಸೇರಿತ್ತು. ಮೇಯರ್ ರೂಡಿ ಜೂಲಿಯಾನಿಯವರನ್ನು ಕಾಣಲು ಕುಟುಂಬ ಒಪ್ಪಲಿಲ್ಲ. ಶವ ಗಿನಿಯ ಹಳ್ಳಿಗೆ ಹೋಯಿತು. ಮಾರ್ಚ್ ತಿಂಗಳಲ್ಲಿ ಪೊಲೀಸ್ ಕೇಂದ್ರ ಕಛೇರಿಯ ಬಾಗಿಲಲ್ಲಿ ದಿನವೂ ಧರಣಿ ಕೂತು ದಸ್ತಗಿರಿಯಾಗುವ ಕಾರ್ಯಕ್ರಮ ಶುರುವಾಯಿತು (ನಮ್ಮ ಹಿರಿಯರ ‘ಜೈಲ್ ಭರೋ’ ನೆನಪಾದರೆ ತಪ್ಪಿಲ್ಲ). ಕರೆ ಕೊಟ್ಟವರು ಪಾದ್ರಿ ಆಲ್ ಶಾರ್ಪ್‌ಟನ್. ಅವರನ್ನು ಕಂಡರಾಗದವರು ಊರಿನಲ್ಲಿ ಬೇಕಾದಷ್ಟಿದ್ದರು. ಆದರೂ ಬಂದವರು ಯಾರು ನೋಡಿ: ಹಿಂದಿನ ಮೇಯರ್ ಡೇವಿಡ್ ಡಿಂಕಿನ್ಸ್, ಕಾಂಗ್ರೆಸ್ ಸದಸ್ಯ ಚಾರ್ಲ್ಸ್ ರಾಂಗೆಲ್, ಜೆಸ್ಸಿ ಜ್ಯಾಕ್ಸನ್, ನಟಿ ಸೂಸನ್ ಸರಂಡನ್, ಯೆಹೂದಿ ಗುರುಗಳು, ವಿದ್ಯಾರ್ಥಿಗಳು. ಎರಡು ವಾರಗಳಲ್ಲಿ ಸೆರೆಯಾದವರು 1,200ಕ್ಕೂ ಹೆಚ್ಚು. ಆ ತಿಂಗಳ ಕೊನೆಗೆ ನಾಲ್ವರ ಮೇಲೂ ಎರಡನೇ ದರ್ಜೆಯ ಕೊಲೆ ಆರೋಪ ಹೊರಬಿತ್ತು.

ಇನ್ನೊಂದು ಪಕ್ಷದ ಮಾತನ್ನೂ ಹೇಳದಿದ್ದರೆ ಚರಿತ್ರೆಯಾಗುವುದಿಲ್ಲ. 1990ರಲ್ಲಿ ಆ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೊಲೆಗಳಾಗಿದ್ದವು. 1998ರಲ್ಲಿ ಅದು ಸುಮಾರು 630ಕ್ಕೆ ಇಳಿದಿತ್ತು. ಬದುಕುಳಿದವರಲ್ಲಿ ಕಪ್ಪು ತರುಣರೇ ಹೆಚ್ಚು, ನಮ್ಮನ್ನು ಕೊಲೆಗಡುಕರೆನ್ನುವುದು ಸರಿಯೇ ಎಂದು ಪೊಲೀಸರು ಕೇಳಿದರು. ಎಮರ್ಜೆನ್ಸಿಯಲ್ಲಿ ಗುಂಡೇಟಿನವರನ್ನು ಹೊಲಿದ ನಾವು ಆ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಆದರೆ ಅಂಕಿಅಂಶದಿಂದ ಒಬ್ಬ ತಾಯಿಗೆ ಉತ್ತರ ಕೊಡಲಾಗದು. ಮೇಯರ್ ಸಾಹೇಬರು ಮೊದಲ ವಾರಗಳಲ್ಲಿ ಅದನ್ನೇ ಮಾಡಹೊರಟರು.

ಪ್ರಚಾರ ವಿಪರೀತವಾಗಿದೆಯೆಂದು ಮೇಲಿನ ಕೋರ್ಟು ವಿಚಾರಣೆಯನ್ನು ದೂರದ ಆಲ್ಬನಿಗೆ ವರ್ಗಾಯಿಸಿತು. 2000ದ ಫೆಬ್ರವರಿ 25ರಂದು ನಾಲ್ವರು ಕಪ್ಪು ಮಹಿಳೆಯರೂ ಇದ್ದ ಜ್ಯೂರಿ ಎಲ್ಲ ಆರೋಪಗಳಿಂದ ಖುಲಾಸೆ ಮಾಡಿತು. ಕೊಲ್ಲುವ ಉದ್ದೇಶವಿತ್ತೇ, ಅಪಾಯವೆಂದು ಅವರು ನಂಬಿದ್ದು ಸಮಂಜಸವೇ ಎಂಬುದಷ್ಟೇ ಅವರ ಮುಂದಿದ್ದ ಪ್ರಶ್ನೆ. ಊರಿನವರು ಕೇಳುತ್ತಿದ್ದ ಪ್ರಶ್ನೆ ಬೇರೆ. ತೀರ್ಪಿನ ನಂತರ ಬೀದಿಗಿಳಿದವರು ಕಪ್ಪು ಪರ್ಸುಗಳನ್ನು ಮೇಲೆತ್ತಿ ಹಿಡಿದು ನಡೆದರು. ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಆ ಜೂನ್‌ನಲ್ಲಿ ಈ ಬಗ್ಗೆ ಒಂದು ಹಾಡು ಹಾಡಿದಾಗ ಪೊಲೀಸ್ ಸಂಘ ಅವರ ಕಾರ್ಯಕ್ರಮಗಳಿಗೆ ಕಾವಲು ಕೆಲಸ ಮಾಡಬೇಡಿರೆಂದು ತನ್ನ ಸದಸ್ಯರಿಗೆ ಕರೆ ಕೊಟ್ಟಿತು.

ನಮ್ಮವರ ಪ್ರತಿಕ್ರಿಯೆ ಏನಿತ್ತು? ಆಗಿನ ಊಟದ ಮನೆಗಳಲ್ಲಿ ನಾನು ಕೇಳಿದ್ದು ಎರಡೇ ಬಗೆ: “ಅಯ್ಯೋ ಪಾಪ”, ಇಲ್ಲವೇ “ಆ ಹೊತ್ತಿನಲ್ಲಿ ಅವನು ಹೊರಗೇಕೆ ನಿಂತಿದ್ದ?” ತನ್ನ ಮನೆ ಬಾಗಿಲಲ್ಲಿ ನಿಲ್ಲಲು ಹೊತ್ತು ಗೊತ್ತು ನೋಡಬೇಕೇ ಎಂದು ಒಬ್ಬ ಅಜ್ಜಿ ಕೇಳಿದಾಗ ಮಾತು ಬೇರೆ ಕಡೆ ತಿರುಗಿತು. 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದವರೊಬ್ಬರು ಬೆಳಿಗ್ಗೆ ವಾಕಿಂಗ್ ಹೋಗಿದ್ದಾಗ, ಯಾರೋ ಕಪ್ಪು ಮನುಷ್ಯ ಮನೆಗಳ ಸುತ್ತ ಸುಳಿದಾಡುತ್ತಿದ್ದಾನೆಂದು ಪೊಲೀಸರಿಗೆ ಫೋನ್ ಹೋಯಿತು. ಇಂಗ್ಲಿಷ್ ಬಾರದ ಅವರನ್ನು ಪೊಲೀಸನೊಬ್ಬ ನೆಲಕ್ಕೆ ಕೆಡವಿದ. ಕುತ್ತಿಗೆಯ ಪೆಟ್ಟಿನಿಂದ ಕೈಕಾಲು ಸ್ವಾಧೀನ ತಪ್ಪಿದವು. ಆಗ ಭಾರತೀಯ ಸಂಘಗಳಿಂದ ಹೇಳಿಕೆ, ಚಂದಾ, ಪತ್ರಗಳು ಹರಿದುಬಂದವು. ಎರಡು ಬಾರಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2016ರಲ್ಲಿ ನ್ಯಾಯಾಧೀಶರು ಖುಲಾಸೆ ಮಾಡಿದರು. ಬ್ರಾಂಕ್ಸಿನ ಬಾಗಿಲಿಗೂ ಈ ಕಾಲುದಾರಿಗೂ ಇರುವ ನಂಟನ್ನು ಎಷ್ಟು ಮನೆಗಳಲ್ಲಿ ಮಾತಾಡಿಕೊಂಡೆವು?

ಹಾಗಾದರೆ ನ್ಯೂಯಾರ್ಕಿನ ಜನ ಅಷ್ಟು ಕೂಗಿದ್ದರಿಂದ ಆದದ್ದೇನು? ಶಿಕ್ಷೆಯಂತೂ ಆಗಲಿಲ್ಲ. 2004ರಲ್ಲಿ ನಗರಸಭೆ ಕುಟುಂಬಕ್ಕೆ 30 ಲಕ್ಷ ಡಾಲರ್ ಕೊಟ್ಟು ದಾವೆ ಮುಗಿಸಿಕೊಂಡಿತು. ನನ್ನ ಅಭಿಪ್ರಾಯದಲ್ಲಿ ನಿಜವಾದ ಫಲ ಸಿಕ್ಕಿದ್ದು ಕಾಗದದ ಕಟ್ಟುಗಳಲ್ಲಿ. ದಾರಿಹೋಕರನ್ನು ನಿಲ್ಲಿಸಿದಾಗ ಪೊಲೀಸರು ಒಂದು ಫಾರಂ ತುಂಬಬೇಕಿತ್ತು. ಗಲಾಟೆಯ ಒತ್ತಡದಲ್ಲಿ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಅಂಥ ಸುಮಾರು 1,75,000 ಫಾರಂಗಳನ್ನು ತರಿಸಿ ಲೆಕ್ಕ ಹಾಕಿಸಿದರು. 1999ರ ಡಿಸೆಂಬರಿನ ಆ ವರದಿಯ ಪ್ರಕಾರ ನಗರದ ಜನಸಂಖ್ಯೆಯಲ್ಲಿ ಕಾಲುಭಾಗವಿದ್ದ ಕಪ್ಪು ಜನರು ನಿಲ್ಲಿಸಿಕೊಂಡವರಲ್ಲಿ ಅರ್ಧದಷ್ಟಿದ್ದರು. ಅದುವರೆಗೆ ತಾಯಂದಿರ ದೂರಾಗಿದ್ದದ್ದು ಸರ್ಕಾರಿ ದಾಖಲೆಯಾಯಿತು. ಅದೇ ವರ್ಷ ಹೂಡಿದ ಮೊಕದ್ದಮೆ 2003ರಲ್ಲಿ ರಾಜಿಯಾಯಿತು; ಅಷ್ಟರಲ್ಲಿ, 2002ರಲ್ಲಿ, ಆ ಸ್ಟ್ರೀಟ್ ಕ್ರೈಮ್ ಯೂನಿಟ್ಟನ್ನೇ ವಿಸರ್ಜಿಸಲಾಗಿತ್ತು. ಆದರೂ ನಿಲ್ಲಿಸುವುದು ನಿಲ್ಲಲಿಲ್ಲ. 2011ರಲ್ಲಿ ಆ ಸಂಖ್ಯೆ 6,85,000 ದಾಟಿತು. 2013ರಲ್ಲಿ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ನಗರವು ಅದನ್ನು ನಡೆಸಿದ ರೀತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಾಗ ಸಾಕ್ಷಿಯಾಗಿ ನಿಂತದ್ದೂ ಇಂಥ ಫಾರಂಗಳೇ.

ಆ ನಾಲ್ವರಲ್ಲಿ ಒಬ್ಬರು ಇಲಾಖೆಯಲ್ಲೇ ಉಳಿದು 2015ರಲ್ಲಿ ಸಾರ್ಜೆಂಟ್ ಆದರು. ತಾಯಿ ಕದಿಯಾಟು ಮಗನ ಹೆಸರಿನ ಪ್ರತಿಷ್ಠಾನ ಕಟ್ಟಿ ವಿದ್ಯಾರ್ಥಿವೇತನ ಕೊಡತೊಡಗಿದರು. ವೀಲರ್ ಅವೆನ್ಯೂದ ಆ ಭಾಗಕ್ಕೆ ‘ಅಮದು ಡಿಯಾಲೊ ಪ್ಲೇಸ್’ ಎಂಬ ಹಲಗೆ ಹಾಕಿದ್ದಾರೆ.