ನಾವೆಲ್ಲ ಹೆಬ್ಬೆಟ್ಟಿನವರೇ

ಬೆಂಗಳೂರಿಂದ ರಾತ್ರಿಯಿಡೀ ಕಾರು ಓಡಿಸಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲೆಯಲ್ಲಿ ಕಾರವಾರದ ಕಡೆ ತಿರುಗಿದರೆ ಹಟ್ಟಿಕೇರಿ ಟೋಲ್ ಗೇಟ್ ಸಿಗುತ್ತದೆ. ಅಲ್ಲಿ ಯಾರೂ ನಿಮ್ಮ ಹೆಸರು ಕೇಳೋದಿಲ್ಲ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಅನ್ನು ಯಂತ್ರ ಓದುತ್ತೆ, ಗೇಟು ಮೇಲೇಳುತ್ತೆ, ದುಡ್ಡು ಹೋದ ಮೆಸೇಜು ಬರುತ್ತೆ. ನೀವು ಯಾರು ಅನ್ನೋದಕ್ಕೆ ಆ ಚೀಟಿಯೇ ಸಾಕ್ಷಿ.

ನೀವು ಊರಿಗೆ ಬಂದಿದ್ದು ಅಜ್ಜನ ಕಾಲದ ಜಮೀನಿನ ವ್ಯವಹಾರ ಮುಗಿಸೋಕೆ ಅಂತಿಟ್ಟುಕೊಳ್ಳಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೀ ಸಹಿ ಸಾಲದು. ಎಂ.ಟೆಕ್ ಆಗಿದ್ದರೂ ಸರಿ, ಹೆಬ್ಬೆಟ್ಟು ಒತ್ತಲೇಬೇಕು. ನಮ್ಮಲ್ಲಿ ‘ಹೆಬ್ಬೆಟ್ಟು’ ಅಂದರೆ ಓದು ಬರಹ ಬಾರದವನು ಅಂತ ಅರ್ಥ. ಹೆಚ್ಚು ಕಮ್ಮಿ ಬೈಗುಳ. ಈಗ ನೋಡಿದರೆ ನಾವೆಲ್ಲ ಹೆಬ್ಬೆಟ್ಟಿನವರೇ. ಇದು ಹೇಗಾಯ್ತು ಅನ್ನೋ ಕತೆ ಶುರುವಾಗೋದೂ ಒಂದು ರಸ್ತೆ ಕೆಲಸದಿಂದಲೇ.

1858ರ ಜುಲೈ 28. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನಿಂದ ರಸ್ತೆಗೆ ಹಾಕುವ ಕಲ್ಲುಮಣ್ಣಿಗಾಗಿ ಕರಾರು ಬರೆಸಿಕೊಂಡ. ನಾಳೆ ಈ ಮನುಷ್ಯ ‘ಇದು ನನ್ನ ಸಹಿಯಲ್ಲ’ ಅಂದುಬಿಟ್ಟರೆ? ಆ ಅನುಮಾನಕ್ಕೆ ಹರ್ಷೆಲ್ ಅವನ ಅಂಗೈಗೆ ಶಾಯಿ ಬಳಿದು ಕರಾರಿನ ಹಿಂಬದಿಗೆ ಒತ್ತಿಸಿದ. ಆಗಿನ್ನೂ ಅದರಲ್ಲಿ ವಿಜ್ಞಾನ ಏನೂ ಇರಲಿಲ್ಲ, ಹೆದರಿಸುವ ಉಪಾಯ ಅಷ್ಟೆ. ಆಮೇಲೆ ಅವನಿಗೆ ಅದೇ ಹುಚ್ಚು ಹತ್ತಿತು. ವರ್ಷಗಟ್ಟಲೆ ಬೆರಳಚ್ಚು ಕೂಡಿಹಾಕಿ ನೋಡಿದ. ಒಬ್ಬನ ಬೆರಳ ಗೆರೆ ವಯಸ್ಸಾದರೂ ಬದಲಾಗೋದಿಲ್ಲ ಅಂತ ಗೊತ್ತಾಯಿತು.

1877ರಲ್ಲಿ ಹೂಗ್ಲಿಗೆ ಹೋದ ಮೇಲೆ ಹರ್ಷೆಲ್ ಇದನ್ನು ಆಡಳಿತಕ್ಕೆ ತಂದ. ಎಲ್ಲೆಲ್ಲಿ ಗೊತ್ತೇ? ಜೈಲು, ಪಿಂಚಣಿ ಮತ್ತು ದಸ್ತಾವೇಜು ನೋಂದಣಿ. ಸತ್ತವರ ಹೆಸರಲ್ಲಿ ಬೇರೆಯವರು ಪಿಂಚಣಿ ಎತ್ತಬಾರದು, ಒಬ್ಬರ ಜಮೀನನ್ನು ಇನ್ನೊಬ್ಬರು ಮಾರಬಾರದು. ಅಂದರೆ ‘ಐಡೆಂಟಿಟಿ ಕಳ್ಳತನ’ ಎಂಬ ಮಾತು ಹುಟ್ಟುವ ಮೊದಲೇ ಅದಕ್ಕೆ ಬೀಗ ತಯಾರಾಗಿತ್ತು.

1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ಶುರುವಾಯಿತು. ಸಾವಿರಾರು ಅಚ್ಚುಗಳಲ್ಲಿ ಬೇಕಾದ್ದನ್ನು ಹುಡುಕಿ ತೆಗೆಯುವ ವಿಂಗಡಣೆಯ ಲೆಕ್ಕಾಚಾರದಲ್ಲಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆ ಪದ್ಧತಿ ಲೋಕಪ್ರಸಿದ್ಧವಾಗಿದ್ದು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿ ಹೆಸರಲ್ಲಿ. ಗುರುತು ಹಿಡಿಯುವ ವಿದ್ಯೆಯಲ್ಲೇ ಕೆಲಸ ಮಾಡಿದವರ ಗುರುತು ಮಸುಕಾಯಿತು!

ಹೂಗ್ಲಿಯ ಬೀಗ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಒಂದು ಕಾರಣವಿತ್ತು. ಬೆರಳು ಒತ್ತುವ ಮನುಷ್ಯ ಗುಮಾಸ್ತನ ಎದುರಿಗೇ ಕೂತಿರುತ್ತಿದ್ದ. ಒತ್ತಿದ ಕಾಗದ ಕಚೇರಿಯ ಕಪಾಟು ಸೇರುತ್ತಿತ್ತು. ಅದನ್ನು ಕದ್ದರೂ ಕಳ್ಳನಿಗೆ ಪ್ರಯೋಜನವಿರಲಿಲ್ಲ. ಕಾಗದದ ಮೇಲಿನ ಗುರುತನ್ನು ವಾಪಸ್ ಬೆರಳು ಮಾಡೋಕೆ ಆಗ್ತಿರಲಿಲ್ಲ.

ನಮ್ಮ ಕಾಲಕ್ಕೆ ಬರೋಣ. 1908ರ ನೋಂದಣಿ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆಗಿ, ದಸ್ತಾವೇಜಿನ ಮೇಲೆ ಫೋಟೊ ಮತ್ತು ಬೆರಳಚ್ಚು ಇರಲೇಬೇಕು ಅಂತಾಯಿತು. ಉದ್ದೇಶ ಹರ್ಷೆಲ್‌ನದ್ದೇ: ನಕಲಿ ಮಾಲೀಕರನ್ನು ತಡೆಯೋದು. 2010ರ ಸೆಪ್ಟೆಂಬರ್‌ನಲ್ಲಿ ಆಧಾರ್ ಸಂಖ್ಯೆ ಕೊಡೋದು ಶುರುವಾಯಿತು. ಆಮೇಲೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್ ಬಂತು. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಹೇಳಿ ಬೆರಳಿಟ್ಟರೆ ನಗದು ಸಿಗುತ್ತೆ. ಓಟಿಪಿ ಬೇಡ, ಕಾರ್ಡ್ ಬೇಡ. ಪಿಂಚಣಿ ನಂಬಿ ಬದುಕುವ ಅಜ್ಜಿಗೆ ಇದು ನಿಜಕ್ಕೂ ದೊಡ್ಡ ಉಪಕಾರ.

ಎರಡೂ ಒಳ್ಳೆಯ ವ್ಯವಸ್ಥೆಗಳೇ. ಒಂದಕ್ಕೊಂದು ತಾಗಿದಾಗ ಎಡವಟ್ಟಾಯಿತು. 2023ರಲ್ಲಿ ಬೆಂಗಳೂರು, ದಕ್ಷಿಣ ಕನ್ನಡದ ಕಡೆಗಳಿಂದ ಒಂದೇ ಥರದ ದೂರು ಬರತೊಡಗಿದವು. ಯಾರಿಗೂ ಓಟಿಪಿ ಹೇಳಿಲ್ಲ, ಯಾವ ಲಿಂಕೂ ಒತ್ತಿಲ್ಲ, ಆದರೂ ಖಾತೆಯಿಂದ ದುಡ್ಡು ಮಾಯ. ದುಡ್ಡು ಕಳೆದುಕೊಂಡ ಅನೇಕರು ಸ್ವಲ್ಪ ದಿನದ ಹಿಂದಷ್ಟೇ ಆಸ್ತಿ ನೋಂದಣಿ ಮಾಡಿಸಿದ್ದರು. ಪೊಲೀಸ್ ತನಿಖೆಯಲ್ಲಿ ದಾರಿ ಹೊರಬಿತ್ತು: ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಕ್ರಯಪತ್ರದ ಪ್ರತಿ ಇಳಿಸಿಕೊಂಡು, ಅದರಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತು ತೆಗೆದು, ನಕಲಿ ಬೆರಳು ಮಾಡಿ, ಎಇಪಿಎಸ್‌ನಲ್ಲಿ ಒತ್ತುವುದು. ಆಮೇಲೆ ದಾಖಲೆಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮಕ್ಕೆ ಇಲಾಖೆ ಮುಂದಾಯಿತು.

ನೂರೈವತ್ತು ವರ್ಷದ ಹಿಂದೆ ಕಳ್ಳನನ್ನು ತಡೆಯಲು ಯಾವ ಕಚೇರಿಗೆ ಬೆರಳಚ್ಚು ಬಂತೋ, ಅಂಥದೇ ಕಚೇರಿಯ ಕಾಗದದಿಂದ ಕಳ್ಳನಿಗೆ ಬೆರಳು ಸಿಕ್ಕಿತು. ಬೆರಳ ಗೆರೆ ಸುಳ್ಳು ಹೇಳಲಿಲ್ಲ. ಗೆರೆ ಒಂದೆಡೆ, ಮನುಷ್ಯ ಇನ್ನೊಂದೆಡೆ ಆದಾಗ ಮೋಸ ನಡೆಯಿತು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಹೆಬ್ಬೆಟ್ಟು ಬದಲಾಯಿಸೋದು ಹೇಗೆ?

ಈ ಪ್ರಶ್ನೆಯ ಹಿಂದಿರುವ ಹಕ್ಕಿನ ಮಾತನ್ನು ಕೋರ್ಟಿಗೆ ಒಯ್ದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ಮರುವರ್ಷದ ತೀರ್ಪಿನಲ್ಲಿ ಬ್ಯಾಂಕ್ ಖಾತೆಗೂ ಸಿಮ್ಮಿಗೂ ಆಧಾರ್ ಜೋಡಿಸುವ ಕಡ್ಡಾಯ ಹೋಯಿತು. ಆದರೂ ಲಾಡ್ಜಿನ ಕೌಂಟರಿನಲ್ಲಿ ‘ಆಧಾರ್ ಜೆರಾಕ್ಸ್ ಕೊಡಿ ಸರ್’ ಅಂದಾಗ ನಾವು ತೀರ್ಪು ನೆನೆಯೋದಿಲ್ಲ, ಕೊಟ್ಟುಬಿಡ್ತೀವಿ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ‘ಕಂಡಕಂಡಲ್ಲಿ ಪ್ರತಿ ಕೊಡಬೇಡಿ’ ಅಂತ ಪ್ರಕಟಣೆ ಹೊರಡಿಸಿತ್ತು. ಜನ ಗಾಬರಿಯಾದರು, ಎರಡೇ ದಿನದಲ್ಲಿ ಅದು ವಾಪಸ್ ಹೋಯಿತು. ಸಲಹೆ ಏನೂ ಕೆಟ್ಟದ್ದಾಗಿರಲಿಲ್ಲ.

ಹಾಗಾದರೆ ಏನು ಮಾಡೋದು? ಗುರುತು ಕೊಡಲೇಬೇಕು, ಅದಿಲ್ಲದೆ ಬದುಕು ನಡೆಯೋದಿಲ್ಲ. ಕೊಟ್ಟದ್ದು ಆ ಒಂದು ಕೆಲಸಕ್ಕೆ ಮಾತ್ರ ಉಪಯೋಗ ಆಗುವಂತೆ ಕೊಡಬೇಕು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಿ. ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ ಯಾತಕ್ಕೆ, ಯಾವತ್ತು ಅಂತ ಬರೆಯಿರಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ್ ಸಾಥಿಯಲ್ಲಿ ನೋಡಿ. ಎಲ್ಲಕ್ಕಿಂತ ಮುಖ್ಯ, ಆಧಾರ್‌ನ ಬಯೊಮೆಟ್ರಿಕ್ ಲಾಕ್ ಮಾಡಿ. ಬೀಗ ಹಾಕಿದ ಮೇಲೆ ನಕಲಿ ಬೆರಳಿಗೂ ಬಾಗಿಲು ತೆರೆಯೋದಿಲ್ಲ, ಅಸಲಿ ಬೆರಳಿಗೂ ತೆರೆಯೋದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತು ತೆಗೆಯಬಹುದು. ದುಡ್ಡು ಹೋಗೇಬಿಟ್ಟರೆ ಮೊದಲು ಬ್ಯಾಂಕಿಗೆ ತಿಳಿಸಿ, ಕೂಡಲೇ 1930ಕ್ಕೆ ಫೋನ್ ಮಾಡಿ. ತಪ್ಪು ಬ್ಯಾಂಕಿನದೂ ಅಲ್ಲದೆ ನಿಮ್ಮದೂ ಅಲ್ಲದಿದ್ದಾಗ, ಬ್ಯಾಂಕಿನ ಮೆಸೇಜು ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ ಅಂದಿತ್ತು 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆ.

ಇಷ್ಟೆಲ್ಲ ನಮಗೆ ಐದು ನಿಮಿಷದ ಕೆಲಸ. ಊರಲ್ಲಿರುವ ಅಮ್ಮನಿಗೆ? ಪಿಂಚಣಿ, ಗೃಹಲಕ್ಷ್ಮಿಯ ಎರಡು ಸಾವಿರ ಬರೋದು ಅವಳ ಖಾತೆಗೆ. ದುಡ್ಡು ಹೋದ ಮೆಸೇಜು ಬಂದರೂ ಅವಳು ಅದನ್ನು ತೆರೆದು ನೋಡುವವಳಲ್ಲ. ಹಾಗಂತ ಸುಮ್ಮನೆ ಬೀಗ ಹಾಕಿ ಬೆಂಗಳೂರಿನ ಬಸ್ ಹತ್ತಬೇಡಿ. ರೇಷನ್ ಅಂಗಡಿಯಲ್ಲಿ ಅವಳು ಬೆರಳಿಟ್ಟರೆ ಯಂತ್ರ ಒಪ್ಪೋದಿಲ್ಲ, ಅಕ್ಕಿ ಇಲ್ಲದೆ ವಾಪಸ್ ಬರ್ತಾಳೆ. ಅವಳು ಯಾವ ಯಾವ ಕೆಲಸಕ್ಕೆ ಬೆರಳಿಡ್ತಾಳೆ ಅಂತ ಮೊದಲು ಕೇಳಿ. ಆ ದಿನ ಬೀಗ ತೆಗೆದುಕೊಡೋರು ಯಾರು ಅಂತ ಇಬ್ಬರೂ ಕೂತು ಮಾತಾಡಿ.

ಮುಂದಿನ ಸಲ ಹಟ್ಟಿಕೇರಿ ಗೇಟಿನಲ್ಲಿ ಮೊಬೈಲಿಗೆ ಮೆಸೇಜು ಬಂದಾಗ ಇದು ನೆನಪಾಗಲಿ. ಮನೆ ತಲುಪಿ, ಚಾ ಕುಡಿದು, ಮೊದಲು ಅಮ್ಮನ ಫೋನು ಕೇಳಿ ತಗೊಳ್ಳಿ.