ಹಟ್ಟಿಯ ಹಾಡು, ಹಟ್ಟಿಯ ಹೊರಗು

ಊರು ಬಿಳಿಗೆರೆ ಅಂದ್ರೆ ಆಫೀಸಿನಲ್ಲಿ ಎಲ್ಲರೂ ಕೊಬ್ಬರಿ ರೇಟು ಕೇಳ್ತಾರೆ. ತೆಂಗಿನ ಸೀಮೆಗೆ ದನದ ಚರಿತ್ರೆಯೂ ಇದೆ ಮಾರಾಯ್ರೇ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಅದಕ್ಕೆ ಟಿಪ್ಪು ಇಟ್ಟ ಅಮೃತಮಹಲ್ ಎಂಬ ಹೆಸರು, ತಿಪಟೂರು ಪಕ್ಕದ ಕೊನೇಹಳ್ಳಿ ಕಾವಲು. ಇದು ರಾಜರ ದನದ ಕತೆ, ಪುಸ್ತಕದಲ್ಲಿ ಸಿಗುತ್ತೆ.

ದನ-ಕುರಿಯನ್ನೇ ಬದುಕಾಗಿಸಿಕೊಂಡ ಕಾಡುಗೊಲ್ಲರ ಕತೆ ಇರೋದು ಹಾಡಿನಲ್ಲಿ. ಅವರ ದೇವರು ಜುಂಜಪ್ಪನೂ ದನ ಕಾದವನೇ. ಅವನ ಕತೆ ಹಾಡುವಾಗ ಗಣೆ ಊದ್ತಾರೆ. ಉದ್ದನೆಯ ಬಿದಿರಿನ ಕೊಳಲು ಅದು. ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಬರ್ತಿರಲಿಲ್ಲ, ಆದರೆ ಸಾವಿರಾರು ಪದ ನೆನಪಿದ್ದವು. (ಬ್ಯಾಕಪ್ ಇಲ್ಲದೆ!) ಒಂದು ಕುಲದ ಚರಿತ್ರೆಯನ್ನು ಹೆಂಗಸೊಬ್ಬಳು ಹೀಗೆ ಕಾಪಾಡಿದಳು.

ಅದೇ ಕುಲದ ಹೆಂಗಸರು ಮುಟ್ಟಾದರೆ, ಹೆತ್ತರೆ, ಹಟ್ಟಿಯಾಚೆ ಇರಬೇಕು. ಮುಳ್ಳುಬೇಲಿಯೊಳಗೆ ದೇವರಿದ್ದಾನೆ, ಸೂತಕ ತಾಗಬಾರದು ಅಂತ. ಬೇಲಿ ಹುಟ್ಟಿದ್ದು ತೋಳ, ಚಿರತೆಗಳಿಂದ ಮಂದೆ ಕಾಯಲಿಕ್ಕೆ ಅನ್ನೋದು ನನ್ನ ಊಹೆ. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ, ಗುಡಿಸಲಲ್ಲಿ ತಾಯಿ ಜೊತೆಗಿದ್ದ ಹಸುಗೂಸು ಮಳೆ-ಚಳಿ ತಡೆಯಲಾರದೆ ಸತ್ತಿತು.

ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಬೇಡಿಕೆ ನ್ಯಾಯವಾದದ್ದು. ಆದರೆ ‘ವಿಶಿಷ್ಟ ಸಂಸ್ಕೃತಿ’ ಅಂತ ಗಣೆಯ ಪಕ್ಕದಲ್ಲೇ ಸೂತಕವನ್ನೂ ಹೆಮ್ಮೆಯಿಂದ ಬರೆದರೆ ನನಗೆ ಕಸಿವಿಸಿ. ಕೆಲವು ಹಟ್ಟಿಗಳಲ್ಲಿ ಸರ್ಕಾರ ಈ ಹೆಂಗಸರಿಗಾಗಿ ‘ಕೃಷ್ಣ ಕುಟೀರ’ ಕಟ್ಟಿಸಿತು. ಗೋಡೆ, ಬಾಗಿಲು ಎಲ್ಲ ಇದೆ. ಅದೂ ಹಟ್ಟಿಯ ಹೊರಗೇ.